ನೀರಿನ ಜಾಡು ಹಿಡಿದು ಮುಂಬಯಿ

ಮಾಟುಂಗಾ, ಮುಂಬಯಿ

ಪ್ರೀತಿಯ ಅಕ್ಕ,

ಶಾಲೆಯ ಕೆಲಸ ಮುಗಿಯಿತು, ಇನ್ನಾದರೂ ನಿನ್ನ ಊರು ನೋಡಲು ಬರುತ್ತೇನೆ ಎಂದು ಮೊನ್ನೆ ನೀನು ಹೇಳಿದಾಗ ನನಗಾದ ಸಂತೋಷ ಫೋನಿನಲ್ಲಿ ಹೇಳಿ ಮುಗಿಯುವಂಥದ್ದಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಏನೇನು ನೋಡುವುದು, ಒಂದು ಪಟ್ಟಿ ಮಾಡಿ ಕಳಿಸು ಅಂದೆಯಲ್ಲ, ಪಟ್ಟಿ ಮಾಡಲು ಕೂತರೆ ನೂರು ಜಾಗ ಬರುತ್ತವೆ. ನೂರನ್ನೂ ಓಡೋಡಿ ನೋಡಿದರೆ ಊರಿಗೆ ಮರಳುವಾಗ ಒಂದೂ ಮನಸ್ಸಿನಲ್ಲಿ ಉಳಿದಿರುವುದಿಲ್ಲ. ಗೇಟ್‌ವೇ, ತಾಜ್ ಹೋಟೆಲು, ನಟರ ಬಂಗಲೆಗಳು ಎಲ್ಲ ಬಾವನಿಗೆ ಬೇಕಿದ್ದರೆ ನಮ್ಮ ಮಕ್ಕಳು ತೋರಿಸಿಕೊಂಡು ಬರುತ್ತಾರೆ. ನಿನಗೆಂದು ನಾನು ಒಂದೇ ಹಾದಿ ಆರಿಸಿಟ್ಟಿದ್ದೇನೆ. ಈ ಊರನ್ನು ನೀರಿನ ಜಾಡು ಹಿಡಿದು ನೋಡೋಣ.

ಯಾಕೆ ಅನ್ನುತ್ತೀಯ? ನಮ್ಮ ಜಗಲಿಗೆ ಯಾರೇ ಬರಲಿ, ಯಾರ ಪೈಕಿ, ಎಲ್ಲಿಂದ ಬಂದದ್ದು ಎಂದು ಕೇಳುವ ಮೊದಲೇ ಆಯಿ ತಂಬಿಗೆ ನೀರು, ತುಂಡು ಬೆಲ್ಲ ತಂದಿಡುತ್ತಿದ್ದಳು. ನೀನೂ ಹಾಗೆಯೇ. ಅಂಚೆಯವನಿಗಾಗಲಿ, ಕೊನೆ ಕೊಯ್ಯಲು ಬಂದವನಿಗಾಗಲಿ ನೀನು ಆಸರಿಗೆ ಕೊಡದೆ ಕಳಿಸಿದ್ದನ್ನು ನಾನು ಕಂಡಿಲ್ಲ. ಈ ಊರಿನ ಹಿರಿಯರೂ ಅದೇ ಕೆಲಸ ಮಾಡಿದ್ದರು, ಕಲ್ಲಿನಲ್ಲಿ ಮಾಡಿದ್ದರು. ಗುರುತು ಪರಿಚಯ ಇಲ್ಲದವನಿಗೆ ನೀರು ಕೊಡುವುದಕ್ಕೆಂದೇ ಕಟ್ಟಿದ ಕಟ್ಟಡಗಳು ಮುಂಬಯಿಯ ಎಲ್ಲ ಅರಮನೆ, ಗೋಪುರಗಳಿಗಿಂತ ದೊಡ್ಡವು ಎಂದು ನಾನು ನಂಬಿದ್ದೇನೆ. ಅವು ಪ್ರವಾಸಿ ಬಸ್ಸುಗಳ ಪಟ್ಟಿಯಲ್ಲಿ ಇಲ್ಲ. ಜನ ಅವುಗಳ ಪಕ್ಕದಲ್ಲೇ ನಡೆದುಹೋಗುತ್ತಾರೆ.

ಇನ್ನೊಂದು ಮಾತು. ಮಳೆಗಾಲದಲ್ಲಿ ಮುಂಬಯಿಗೆ ಹೋಗಬೇಡಿ ಎಂದು ನಿನಗೆ ಹತ್ತು ಜನ ಹೇಳುತ್ತಾರೆ. ರೈಲು ನಿಲ್ಲುವುದು, ರಸ್ತೆ ತುಂಬುವುದು ಎಲ್ಲ ನಿಜ. ಆದರೂ ನೀನು ಜುಲೈ ಕೊನೆಗೇ ಬಾ. ಅಷ್ಟರಲ್ಲಿ ನಮ್ಮಲ್ಲಿ ನಾಟಿ ಮುಗಿದಿರುತ್ತದೆ. ಹೊನ್ನಾವರದ ಮಳೆಯಲ್ಲಿ ಬೆಳೆದವಳಿಗೆ ಇಲ್ಲಿಯ ಮಳೆ ಏನೂ ಮಾಡುವುದಿಲ್ಲ. ನಾನು ತೋರಿಸಬೇಕೆಂದಿರುವ ಒಂದೆರಡು ಕಟ್ಟಡಗಳಂತೂ ಮಳೆ ಬಂದಾಗಲೇ ಪೂರ್ತಿ ಕಾಣುವುದು.

ಮೊದಲು ಈ ಊರಿನ ಬಾಯಾರಿಕೆಯ ಕಥೆ ಸ್ವಲ್ಪ ಕೇಳು. ಇದು ಮೂಲದಲ್ಲಿ ಏಳು ನಡುಗಡ್ಡೆ. ಸುತ್ತ ಉಪ್ಪುನೀರು, ನಡುವೆ ಒಂದಿಷ್ಟು ಬಾವಿ, ಒಂದಿಷ್ಟು ಕೆರೆ. ಬೇಸಿಗೆ ಬಂದರೆ ಬಾವಿಯ ನೀರೂ ಚೌಳು. ಉಳ್ಳವರು ಪುಣ್ಯ ಬರಲೆಂದು ಕೆರೆ ತೋಡಿಸುತ್ತಿದ್ದರು. ಧೋಬಿ ತಲಾವ್, ಗೋವಾಲಿಯಾ ಟ್ಯಾಂಕ್, ಸಿ.ಪಿ. ಟ್ಯಾಂಕ್ ಎಂಬ ಹೆಸರುಗಳನ್ನು ನೀನು ಇಲ್ಲಿಯ ಬಸ್ಸಿನ ಬೋರ್ಡಿನಲ್ಲಿ ಓದುತ್ತೀಯ, ಇಳಿದು ಹುಡುಕಿದರೆ ಒಂದು ಹನಿ ನೀರೂ ಇಲ್ಲ, ಎಲ್ಲ ಮುಚ್ಚಿಹೋಗಿವೆ. 1942ರಲ್ಲಿ ಗಾಂಧೀಜಿ ಚಲೇಜಾವ್ ಎಂದು ಕರೆ ಕೊಟ್ಟ ಮೈದಾನ ಇದೆಯಲ್ಲ, ಅದೇ ಗೋವಾಲಿಯಾ ಟ್ಯಾಂಕ್. 1860ರಲ್ಲಿ ವಿಹಾರ್ ಕೆರೆಯ ನೀರು ಮೊದಲ ಸಲ ಕೊಳವೆಯಲ್ಲಿ ಹರಿದು ಊರಿಗೆ ಬಂತು. ಆಗ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತಿತು, ಮುಂಬಯಿಯ ಹತ್ತಿಗೆ ಚಿನ್ನದ ಬೆಲೆ ಬಂತು. ಕೋಟೆಯ ಗೋಡೆಯನ್ನು ಕೆಡವಿದರು. ಹಣವೂ ಇತ್ತು, ಜಾಗವೂ ಇತ್ತು, ಕೊಳವೆಯಲ್ಲಿ ನೀರೂ ಇತ್ತು. ನಾವು ನೋಡಲಿರುವುದರಲ್ಲಿ ಅರ್ಧ ಹುಟ್ಟಿದ್ದು ಆ ಕಾಲದ ಬೆನ್ನಿಗೆ.

ಮೊದಲ ಭಾನುವಾರ ಬೆಳಿಗ್ಗೆ ಫೋರ್ಟಿಗೆ ಹೋಗೋಣ. ಭಾನುವಾರವೇ ಯಾಕೆಂದರೆ ಆ ದಿನ ಕಚೇರಿಗಳಿಗೆ ರಜೆ, ಬೀದಿಗಳು ಖಾಲಿ, ರಸ್ತೆಯ ನಡುವೆ ನಿಂತು ತಲೆಯೆತ್ತಿ ನೋಡಿದರೂ ಯಾರೂ ಗದರಿಸುವುದಿಲ್ಲ. ವಿ.ಟಿ. ರೈಲು ನಿಲ್ದಾಣದಿಂದ ದೊಡ್ಡ ಅಂಚೆ ಕಚೇರಿಯ ಕಡೆ ಬಂದು ಮಿಂಟ್ ರಸ್ತೆ ಹಿಡಿದರೆ ಒಂದು ಪುಟ್ಟ ಗುಮ್ಮಟದ ಕಟ್ಟಡ ಸಿಗುತ್ತದೆ. ಹೊಸಬರು ನೋಡಿದರೆ ಯಾವುದೋ ಗುಡಿ ಅಂದುಕೊಳ್ಳುತ್ತಾರೆ. ಅದು ಅರವಟ್ಟಿಗೆ, ಇಲ್ಲಿಯವರು ಪ್ಯಾವು ಅನ್ನುತ್ತಾರೆ. ಮೂಲಜಿ ಜೇಠಾ ಮನೆತನದ ಹತ್ತಿ ವ್ಯಾಪಾರಿ ರತನ್‌ಸೀ ಎಂಬವನು 1890ರ ದಶಕದಲ್ಲಿ ಕಟ್ಟಿಸಿದ್ದು. ಅವನ ಮಗ ಧರಮ್‌ಸೀ ಹದಿನೈದರ ಹರೆಯದಲ್ಲೇ ತೀರಿಕೊಂಡ. ಮಗನ ನೆನಪಿಗೆ ತಂದೆ ಗುಡಿ ಕಟ್ಟಿಸಲಿಲ್ಲ, ಸಮಾಧಿ ಕಟ್ಟಿಸಲಿಲ್ಲ. ದಾರಿಹೋಕರಿಗೆ ನೀರು ಕೊಡುವ ಮಂಟಪ ಕಟ್ಟಿಸಿ, ಅದರ ನೆತ್ತಿಯ ಮೇಲೆ ಹುಡುಗನ ಪ್ರತಿಮೆ ಇಡಿಸಿದ.

ನಾನು ಅಲ್ಲಿ ನಿಂತಾಗಲೆಲ್ಲ ಆ ತಂದೆಯನ್ನು ನೆನೆಯುತ್ತೇನೆ. ಬಿಸಿಲಿನಲ್ಲಿ ಹತ್ತಿ ಮೂಟೆ ಹೊತ್ತು ಬಂದ ಹಮಾಲ ಬೊಗಸೆಯೊಡ್ಡಿ ಕುಡಿದು ಮುಖ ಒರೆಸಿಕೊಂಡು ಮೇಲೆ ನೋಡಿದರೆ ಅಲ್ಲಿ ಆ ತಂದೆಯ ಮಗ. ಈ ಅರವಟ್ಟಿಗೆಯ ನಕ್ಷೆ ಗೀಚಿ ಕೊಟ್ಟವನು ಯಾರು ಗೊತ್ತೇನು? ಫ್ರೆಡೆರಿಕ್ ವಿಲಿಯಂ ಸ್ಟೀವನ್ಸ್, ವಿ.ಟಿ. ಸ್ಟೇಶನ್ ಕಟ್ಟಿದ ಮಹಾಶಯನೇ. ಇಡೀ ಏಷ್ಯಾವೇ ಬೆರಗಾಗುವ ನಿಲ್ದಾಣ ಕಟ್ಟಿ ಹೆಸರು ಮಾಡಿದ ಮೇಲೆ ಅವನು ಬೀದಿಬದಿಯ ಅರವಟ್ಟಿಗೆಯೊಂದಕ್ಕೂ ಅಷ್ಟೇ ಮನಸ್ಸಿಟ್ಟು ನಕ್ಷೆ ಹಾಕಿದ. ಕಂಬ, ಕಮಾನು, ಕಲ್ಲಿನಲ್ಲಿ ಬಿಡಿಸಿದ ಪ್ರಾಣಿಗಳು, ಎಲ್ಲವನ್ನೂ ನಿಧಾನವಾಗಿ ಸುತ್ತು ಹಾಕಿ ನೋಡು. ನಡುವೆ ಬಹುಕಾಲ ಇದು ಪಾಳುಬಿದ್ದು, ಕಸ ತುಂಬಿ, ಸುತ್ತ ಅಂಗಡಿಗಳಿಂದ ಮುಚ್ಚಿಹೋಗಿತ್ತು. ಈಚೆಗೆ ತಜ್ಞರನ್ನು ಕೂಡಿಸಿ ತೊಳೆದು, ಒಡೆದ ಕಲ್ಲು ಜೋಡಿಸಿ ನೇರ್ಪಡಿಸಿದ್ದಾರೆ.

ಅಲ್ಲಿಂದ ಬಹಳ ದೂರವಿಲ್ಲ ಸೇಂಟ್ ಥಾಮಸ್ ಕ್ಯಾಥೆಡ್ರಲ್, 1718ರ ಚರ್ಚು. ಹಳೆಯ ಕೋಟೆಗೆ ಮೂರು ಬಾಗಿಲುಗಳಿದ್ದವು, ಈ ಚರ್ಚಿನ ದಿಕ್ಕಿನದ್ದು ಚರ್ಚ್‌ಗೇಟ್. ಇಂದು ಕೋಟೆಯೂ ಇಲ್ಲ, ಬಾಗಿಲೂ ಇಲ್ಲ, ಲಕ್ಷಾಂತರ ಜನ ದಿನವೂ ಇಳಿಯುವ ನಿಲ್ದಾಣಕ್ಕೆ ಹೆಸರು ಮಾತ್ರ ಉಳಿದಿದೆ. ಆ ಚರ್ಚಿನ ಮುಂದಿನ ಕಾರಂಜಿಯನ್ನು ಕೊಟ್ಟವನು ಪಾರ್ಸಿ ಸಾಹುಕಾರ ಕಾವಸ್‌ಜಿ ಜಹಾಂಗೀರ್ ರೆಡಿಮನಿ. ನಕ್ಷೆ ಬಂದದ್ದು ಲಂಡನ್ನಿನ ಗಿಲ್ಬರ್ಟ್ ಸ್ಕಾಟ್‌ನಿಂದ. ಬೇರೆ ಧರ್ಮದವರ ದೇವರಮನೆಯ ಬಾಗಿಲಲ್ಲಿ ನೀರಿನ ವ್ಯವಸ್ಥೆ ಮಾಡುವುದು, ನೋಡು, ಎಂಥ ಮನಸ್ಸು. ಕಾವಸ್‌ಜಿ ಊರಿನ ಬೇರೆ ಬೇರೆ ಕಡೆಗಳಲ್ಲೂ ಕುಡಿಯುವ ನೀರಿನ ಕಾರಂಜಿಗಳನ್ನು ಮಾಡಿಸಿಕೊಟ್ಟಿದ್ದ.

ಮಸ್ಜಿದ್ ಬಂದರಿನ ಭಾತ್ ಬಜಾರಿನಲ್ಲಿ ಕೇಶವ್‌ಜಿ ನಾಯಕ್ ಕಟ್ಟಿಸಿದ ಇನ್ನೊಂದು ಅರವಟ್ಟಿಗೆ ಇದೆ, 1876ರದ್ದು, ಮೇಲೆ ಗಡಿಯಾರ, ಕೆಳಗೆ ನೀರು. ಮೂಟೆ ಗಾಡಿಗಳ ನಡುವೆ ನುಗ್ಗಿ ಹೋಗಬೇಕಾದ ಜಾಗ, ಆದರೆ ಮಾರುಕಟ್ಟೆಯ ನಟ್ಟನಡುವೆ ನಿಂತಿರುವ ಅದನ್ನು ನೋಡಿದರೆ ಹೋದದ್ದು ಸಾರ್ಥಕ ಅನಿಸುತ್ತದೆ. ಈ ಅರವಟ್ಟಿಗೆಗಳಲ್ಲಿ ಮನುಷ್ಯರಿಗೆ ಮೇಲೊಂದು ನಳ, ಎತ್ತು ಕುದುರೆಗಳಿಗೆ ಕೆಳಗೊಂದು ತೊಟ್ಟಿ ಇರುತ್ತಿತ್ತು. ಟ್ರಾಮ್ ಎಳೆಯುತ್ತಿದ್ದದ್ದೂ ಕುದುರೆಗಳೇ ತಾನೆ. ಈಗ ಬಹುಪಾಲು ಒಣಗಿವೆ. ಕೆಲವಕ್ಕೆ ಬಣ್ಣ ಬಳಿದು ಅಂಗಡಿ ಮಾಡಿಕೊಂಡಿದ್ದಾರೆ, ಕೆಲವು ಫುಟ್‌ಪಾತಿನ ಎತ್ತರ ಏರುತ್ತ ಏರುತ್ತ ನೆಲದೊಳಗೆ ಹೂತಿವೆ. ಅಕ್ಕಾ, ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ. ಅವುಗಳ ಎದುರಿಗೇ ದುಡ್ಡಿಗೆ ನೀರಿನ ಬಾಟಲಿ ಮಾರುತ್ತಾರೆ. ದುಡಿದು ಬಂದ ಹುಡುಗ ಜೇಬು ತಡಕಿ ನೋಡಿ ಬಾಯಾರಿಕೆ ಹೊತ್ತೇ ಮುಂದೆ ನಡೆಯುತ್ತಾನೆ. ನೂರೈವತ್ತು ವರ್ಷದ ಹಿಂದೆ ಪುಕ್ಕಟೆಯಾಗಿ ಆಗುತ್ತಿದ್ದ ಕೆಲಸ ಇಂದು ಆಗುವುದಿಲ್ಲ ಎಂದರೆ ನಾಚಿಕೆಪಡಬೇಕು. ಕೆಲವನ್ನು ಈಗ ದುರಸ್ತಿ ಮಾಡುತ್ತಿದ್ದಾರೆ, ಅದು ಸಮಾಧಾನ. ದುರಸ್ತಿಯಾದದ್ದರಲ್ಲಿ ನೀರೂ ಬರಬೇಕು, ಬರಿಯ ಫೋಟೋಕ್ಕೆ ಅಂದವಾಗಿ ನಿಂತರೆ ಸಾಲದು.

ಸ್ಟೇಶನ್ನಿಗೆ ಬರೋಣ. ಈಗಿನ ಹೆಸರು ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್, ಹಳಬರ ಬಾಯಲ್ಲಿ ಇನ್ನೂ ವಿ.ಟಿ. 1878ರಲ್ಲಿ ಕೆಲಸ ಶುರುವಾಗಿ ಮುಗಿಯಲು ಹತ್ತು ವರ್ಷ ಹಿಡಿಯಿತು. ಗುಮ್ಮಟ, ಅದರ ಮೇಲಿನ ಪ್ರಗತಿದೇವಿ, ಬಾಗಿಲ ಕಂಬಗಳ ಮೇಲೆ ಒಂದು ಸಿಂಹ ಒಂದು ಹುಲಿ, ಇವನ್ನು ಯಾರಾದರೂ ತೋರಿಸುತ್ತಾರೆ. ನಾನು ತೋರಿಸುವುದು ಬೇರೆ. ಜೋರು ಮಳೆ ಹಿಡಿದ ಹೊತ್ತಿನಲ್ಲಿ ನಿನ್ನನ್ನು ಎದುರಿನ ಪಾಲಿಕೆ ಕಟ್ಟಡದ ಬದಿಗೆ ನಿಲ್ಲಿಸುತ್ತೇನೆ. ಸ್ಟೇಶನ್ನಿನ ಗೋಡೆಯಂಚಿನಲ್ಲಿ ಕತ್ತು ಚಾಚಿ ನಿಂತ ಕಲ್ಲಿನ ಮೃಗಗಳಿವೆ. ಬಿಸಿಲಿನಲ್ಲಿ ನೋಡಿದವರು ಅಲಂಕಾರ ಅಂದುಕೊಳ್ಳುತ್ತಾರೆ. ಅವು ಮಾಡಿನ ನೀರನ್ನು ಗೋಡೆಗೆ ತಾಗದಂತೆ ದೂರಕ್ಕೆ ಚೆಲ್ಲಲು ಇಟ್ಟ ದೋಣಿಗಳು, ನಮ್ಮ ದೇವಸ್ಥಾನದ ಸೋಮಸೂತ್ರಕ್ಕೆ ಸಿಂಹದ ಮುಖ ಇಟ್ಟ ಹಾಗೆ.

ಆ ಗೋಡೆಗಳ ಎಲೆ, ಬಳ್ಳಿ, ನವಿಲು, ಮಂಗಗಳನ್ನು ಕೆತ್ತಿದ್ದರಲ್ಲಿ ಪಕ್ಕದ ಜೆ.ಜೆ. ಕಲಾಶಾಲೆಯ ವಿದ್ಯಾರ್ಥಿಗಳ ಕೈ ಇದೆ. ಅದಕ್ಕೇ ವಿಲಾಯತಿ ಕಟ್ಟಡದ ಮೈತುಂಬ ನಮ್ಮ ಕಾಡಿನ ಪ್ರಾಣಿಗಳು. ಎಷ್ಟೋ ಹುಡುಗರು ಮನೆಯ ಹಿತ್ತಲಲ್ಲಿ ಕಂಡದ್ದನ್ನೇ ಇಲ್ಲಿ ತಂದು ಕೂರಿಸಿರಬೇಕು. ನೀನು ಮಕ್ಕಳಿಗೆ ಪಾಠ ಮಾಡಿದವಳು, ಹೆಸರು ಬರೆಯದೆ ಹೋದ ಆ ವಿದ್ಯಾರ್ಥಿಗಳ ಕೆಲಸವನ್ನು ನೀನು ಹೊತ್ತು ಕೊಟ್ಟು ನೋಡಬೇಕು ಎಂಬುದು ನನ್ನಾಸೆ.

ಹತ್ತಿರದಲ್ಲೇ ಕ್ರಾಫರ್ಡ್ ಮಾರ್ಕೆಟ್, 1869ರದ್ದು. ಬಾಗಿಲ ಮೇಲಿನ ಉಬ್ಬುಶಿಲ್ಪದಲ್ಲಿ ನಮ್ಮ ರೈತರು, ಗೋಧಿಯ ಸುಗ್ಗಿ. ಒಳಗೆ ಹಣ್ಣಿನ ಬುಟ್ಟಿಗಳ ನಡುವೆ ಕೆತ್ತನೆಯ ಕಾರಂಜಿ. ಅಲ್ಲಿ ಹೆಚ್ಚು ಹೊತ್ತು ಬೇಡ, ಜನಜಂಗುಳಿ ನಿನಗೆ ಹಿಡಿಸುವುದಿಲ್ಲ.

ಫೋರ್ಟಿನಲ್ಲೇ ನಡೆಯುತ್ತ ಹೋದರೆ ಫ್ಲೋರಾ ಫೌಂಟನ್. 1864ರಲ್ಲಿ ಇಟ್ಟ ಹೂದೇವಿಯ ಬಿಳಿಗಲ್ಲಿನ ಕಾರಂಜಿ. ಕಾರಂಜಿಗಿಂತ ಅದರ ಬದಿಯ ಹುತಾತ್ಮರ ಸ್ಮಾರಕದ ಮುಂದೆ ನಿಲ್ಲು. ಮರಾಠಿ ಮಾತಾಡುವ ನಾಡು ಒಂದಾಗಬೇಕು, ಮುಂಬಯಿ ಅದರೊಳಗೆ ಇರಬೇಕು ಎಂದು ಹೋರಾಡಿ ಗುಂಡಿಗೆ ಬಲಿಯಾದ ನೂರಕ್ಕೂ ಮಿಕ್ಕಿದ ಜನರ ನೆನಪು ಅದು. ಏಕೀಕರಣದ ಪಾಠ ಮಾಡಿದವಳಿಗೆ ಅದರ ಬೆಲೆ ನಾನು ಹೇಳಬೇಕಾಗಿಲ್ಲ.

ಮುಂದೆ ಓವಲ್ ಮೈದಾನ. ಇಲ್ಲಿ ಒಂದು ಬೆಂಚು ಹಿಡಿದು ಕೂರೋಣ. ಪೂರ್ವಕ್ಕೆ ನೋಡಿದರೆ ಕಪ್ಪು, ಹಳದಿ ಕಲ್ಲಿನ ಗಾಥಿಕ್ ಸಾಲು, ಹೈಕೋರ್ಟು, ವಿಶ್ವವಿದ್ಯಾಲಯ, ರಾಜಾಬಾಯಿ ಗೋಪುರ. ಪಶ್ಚಿಮಕ್ಕೆ ತಿರುಗಿದರೆ 1930ರ ದಶಕದ ಕಾಂಕ್ರೀಟಿನ ಆರ್ಟ್ ಡೆಕೊ ಮನೆಗಳು, ನುಣುಪು ದುಂಡು ಬಾಲ್ಕನಿ, ತಿಳಿ ಬಣ್ಣ. ನಡುವೆ ಮಕ್ಕಳ ಕ್ರಿಕೆಟ್. ಎರಡೂ ಬದಿಯನ್ನು ಕೂಡಿಸಿ ಒಟ್ಟು 94 ಕಟ್ಟಡಗಳನ್ನು 2018ರಲ್ಲಿ ಯುನೆಸ್ಕೋ ವಿಶ್ವಪರಂಪರೆಗೆ ಸೇರಿಸಿತು. ಮುಂದೆ ರೀಗಲ್ ಸಿನಿಮಾ ಕಂಡಾಗ ನಾನು ನೆನಪಿಸುತ್ತೇನೆ, 1933ರ ಆ ಆರ್ಟ್ ಡೆಕೊ ಚಿತ್ರಮಂದಿರ ಕಟ್ಟಿದವನು ವಿ.ಟಿ. ಸ್ಟೀವನ್ಸನ ಮಗ ಚಾರ್ಲ್ಸ್. ತಂದೆ ಕಲ್ಲಿನಲ್ಲಿ ನವಿಲು ಬಿಡಿಸಿದ ಊರಿನಲ್ಲಿ ಮಗ ಸಪಾಟು ಗೆರೆಗಳನ್ನು ಎಳೆದ.

ಆ ಪಶ್ಚಿಮದ ಮನೆಗಳಲ್ಲಿಯೂ ನೀರನ್ನೇ ಹುಡುಕು. ಗೇಟಿನ ಸರಳುಗಳಲ್ಲಿ ಅಲೆ, ಬಾಲ್ಕನಿಗೆ ಹಡಗಿನ ಡೆಕ್ಕಿನ ಕಂಬಿ. ಬಾಗಿಲ ಮೇಲೆ ಚಿಮ್ಮಿ ಹೆಪ್ಪುಗಟ್ಟಿ ನಿಂತ ಕಾರಂಜಿಯ ಚಿತ್ರ. ಸಮುದ್ರವನ್ನು ಹಿಂದಕ್ಕೆ ತಳ್ಳಿ ಮಾಡಿದ ನೆಲ ಅದು, ಆದ್ದರಿಂದ ಸಮುದ್ರವನ್ನು ಮನೆಯ ಮೈಮೇಲೆ ಬರೆದುಕೊಂಡರು. ಕಿಟಕಿಯ ಮೇಲೆ ಮನೆಯುದ್ದಕ್ಕೂ ಹುಬ್ಬಿನಂತೆ ಹೊರಚಾಚಿದ ಸಜ್ಜೆಗಳಿವೆ, ಅವು ಮಳೆಗೂ ಬಿಸಿಲಿಗೂ. ಅಂದವಾಗಿದ್ದದ್ದು ಉಪಯೋಗಕ್ಕೂ ಬರಬೇಕು ಎಂದು ಆ ಮನೆ ಕಟ್ಟಿದವರು ತಿಳಿದಿದ್ದರು. ಈಗ ಏಳುತ್ತಿರುವ ಗಾಜಿನ ಗೋಪುರಗಳಿಗೆ ಸಜ್ಜೆಯೇ ಇಲ್ಲ. ಅವನ್ನು ನಾನು ನಿನಗೆ ತೋರಿಸುವುದಿಲ್ಲ.

ರಾಜಾಬಾಯಿ ಗೋಪುರದ ಮಾತು ನಿನಗೆ ಇಷ್ಟವಾದೀತು. ಪ್ರೇಮಚಂದ್ ರಾಯಚಂದ್ ಎಂಬ ಹತ್ತಿ ಸಾಹುಕಾರ ತಾಯಿಯ ಹೆಸರಿನಲ್ಲಿ ಹಣ ಕೊಟ್ಟು ಕಟ್ಟಿಸಿದ, 1878ರಲ್ಲಿ ಮುಗಿಯಿತು. ಆಕೆ ಜೈನ ಧರ್ಮದವಳು, ಸೂರ್ಯ ಮುಳುಗುವ ಮುಂಚೆ ಊಟ ಮುಗಿಸಬೇಕು. ಕಣ್ಣು ಕಾಣದ ತಾಯಿಗೆ ಗಂಟೆಯ ಸದ್ದಿನಿಂದ ಹೊತ್ತು ತಿಳಿಯಲಿ ಎಂದು ಮಗ ಹೀಗೆ ಮಾಡಿದ ಎಂದು ಇಲ್ಲಿಯ ಜನ ಹೇಳುತ್ತಾರೆ. ಗೋಪುರದ ಎತ್ತರದಲ್ಲಿ ಪಶ್ಚಿಮ ಭಾರತದ ಬೇರೆ ಬೇರೆ ಸಮುದಾಯದವರ ಮೂರ್ತಿಗಳಿವೆ, ಪೇಟ ಪಾಗು ಸಮೇತ. ನೋಡಲು ಬಾವನ ದುರ್ಬೀನು ತೆಗೆದುಕೊಂಡು ಬಾ.

ಮೈದಾನದ ಆಚೆ ಚರ್ಚ್‌ಗೇಟಿನ ಹತ್ತಿರ ಭೀಖಾ ಬೆಹರಾಂ ಬಾವಿ ಇದೆ. 1725ರಲ್ಲಿ ಪಾರ್ಸಿಯೊಬ್ಬ ತೋಡಿಸಿದ ಬಾವಿ. ಕಡಲು ಇಷ್ಟು ಹತ್ತಿರ, ಆದರೂ ನೀರು ಸಿಹಿ. ಪಾರ್ಸಿಗಳಲ್ಲದವರು ಒಳಗೆ ಹೋಗುವಂತಿಲ್ಲ, ಹೊರಗಿನಿಂದ ಬಣ್ಣದ ಗಾಜಿನ ಮಂಟಪ ಕಾಣುತ್ತದೆ. ಮುನ್ನೂರು ವರ್ಷಗಳಿಂದ ಅಲ್ಲಿ ಜನ ನೀರಿಗೆ ಕೈಮುಗಿಯುತ್ತಿದ್ದಾರೆ.

ಇನ್ನೊಂದು ದಿನವನ್ನು ಪೂರ್ತಿ ಬಾಣಗಂಗೆಗೆ ಇಟ್ಟಿದ್ದೇನೆ. ಮಲಬಾರ್ ಹಿಲ್ ಅಂದರೆ ಮಂತ್ರಿಗಳು, ಕೋಟ್ಯಧಿಪತಿಗಳು ಇರುವ ಗುಡ್ಡ. ಅದರ ತುದಿಯಲ್ಲಿ ವಾಲ್ಕೇಶ್ವರದ ಓಣಿ ಇಳಿದರೆ ಒಮ್ಮೆಲೇ ಊರು ಬದಲಾಗುತ್ತದೆ. ನಾಲ್ಕೂ ಬದಿಗೆ ಮೆಟ್ಟಿಲಿರುವ ಉದ್ದನೆಯ ಕಲ್ಯಾಣಿ, ದೀಪಸ್ತಂಭಗಳು, ಗುಡಿಗಳು, ಮಠಗಳು, ನೀರಿನಲ್ಲಿ ಬಾತುಕೋಳಿ. ಗೋಕರ್ಣದ ಕೋಟಿತೀರ್ಥದ ದಂಡೆಯಲ್ಲಿ ಬೆಳೆದವರಂತೆ ಓಡಾಡುವ ನಮಗೆ ಅಲ್ಲಿ ಅಪರಿಚಿತ ಅನಿಸುವಂಥದ್ದು ಒಂದೂ ಇಲ್ಲ. ಸೀತೆಯನ್ನು ಹುಡುಕುತ್ತ ಬಂದ ರಾಮನಿಗೆ ಬಾಯಾರಿತು, ಬಾಣದ ಏಟಿಗೆ ಗಂಗೆ ಚಿಮ್ಮಿದಳು ಎಂದು ಸ್ಥಳಪುರಾಣ. ಶಿಲಾಹಾರರ ಆಸ್ಥಾನದ ಮಂತ್ರಿ ಲಕ್ಷ್ಮಣ ಪ್ರಭು 1127ರಲ್ಲಿ ಕಟ್ಟಿಸಿದ ಎಂದು ಹೇಳುತ್ತಾರೆ. ಕಡಲಿನಿಂದ ಕೂಗಳತೆ ದೂರ, ಒಸರು ಮಾತ್ರ ಸಿಹಿನೀರಿನದು.

ಪೋರ್ಚುಗೀಸರ ಕಾಲದಲ್ಲಿ ಹಾಳಾದ ವಾಲ್ಕೇಶ್ವರ ದೇವಸ್ಥಾನವನ್ನು 1715ರ ಹೊತ್ತಿಗೆ ಮತ್ತೆ ಎಬ್ಬಿಸಿದವನು ರಾಮ ಕಾಮತ್, ಗೌಡ ಸಾರಸ್ವತ ವರ್ತಕ. ಇಂದಿಗೂ ಆ ಕೆರೆ ಗೌಡ ಸಾರಸ್ವತರ ದೇವಸ್ಥಾನ ಟ್ರಸ್ಟಿನದೇ. ನಮ್ಮ ಕರಾವಳಿಯ ಪೇಟೆಗಳಲ್ಲಿ ನೀನು ಕಾಣುವ ಕಾಮತರು, ಶಾನಭಾಗರು, ಪೈಗಳು ಎಲ್ಲರಿಗೂ ಇದು ತಮ್ಮದೇ ಜಾಗ. ಆ ರಾಮ ಕಾಮತನ ಬಾಳು ಕೊನೆಯಾದದ್ದು ಮಾತ್ರ ದುಃಖದಲ್ಲಿ. ಕಾನ್ಹೋಜಿ ಆಂಗ್ರೆಯ ಜೊತೆ ಒಳಸಂಚು ಮಾಡಿದ ಎಂದು 1720ರಲ್ಲಿ ಇಂಗ್ಲಿಷರು ಅವನ ಮೇಲೆ ಮೊಕದ್ದಮೆ ಹೂಡಿ ಸೆರೆಗೆ ಹಾಕಿದರು. ಅವನು ಸೆರೆಯಲ್ಲೇ ಸತ್ತ. ಸಾಕ್ಷಿಯಾಗಿ ತೋರಿಸಿದ್ದ ಕಾಗದ ಖೋಟಾ ಎಂಬುದು ಆಮೇಲೆ ಬಯಲಿಗೆ ಬಂತು. ನ್ಯಾಯಾಲಯ ಕೊಟ್ಟ ತೀರ್ಪು ಮೂಲೆ ಸೇರಿತು, ಅವನು ಎಬ್ಬಿಸಿದ ಗುಡಿಯಲ್ಲಿ ದಿನವೂ ದೀಪ ಉರಿಯುತ್ತಿದೆ.

ಬೆಳಿಗ್ಗೆ ಬೇಗ ಹೋಗೋಣ. ಮೆಟ್ಟಿಲುಗಳು ಮಳೆಯಲ್ಲಿ ಜಾರುತ್ತವೆ, ನನ್ನ ಕೈ ಹಿಡಿದೇ ಇಳಿಯಬೇಕು. ಮೇಲೆ ಹತ್ತಿ ಬಂದು ಹ್ಯಾಂಗಿಂಗ್ ಗಾರ್ಡನ್ನಿಗೂ ಹೋಗಬಹುದು. ಅಲ್ಲಿ ಗಿಡಗಳನ್ನು ಆನೆ, ಜಿರಾಫೆ ಎಂದು ಕತ್ತರಿಸಿ ನಿಲ್ಲಿಸಿದ್ದಾರೆ, ಅದರಲ್ಲಿ ನನಗೆ ಆಸಕ್ತಿಯಿಲ್ಲ. ನೀನು ನಡೆಯುತ್ತಿರುವ ಹುಲ್ಲಿನ ಅಡಿಯಲ್ಲಿ ದಕ್ಷಿಣ ಮುಂಬಯಿಗೆ ನೀರು ಕೊಡುವ ಜಲಾಶಯ ಇದೆ. ತೆರೆದ ನೀರಿಗೆ ಹೊಲಸು ಬೀಳದಿರಲಿ ಎಂದು ಅದರ ಮೇಲೆ ತೋಟ ಹಾಸಿದರು. ಮಕ್ಕಳು ಕುಣಿಯುವ ನೆಲದ ಕೆಳಗೆ ಕತ್ತಲಲ್ಲಿ ಊರಿನ ಕುಡಿಯುವ ನೀರು ನಿಂತಿದೆ ಎಂದು ತಿಳಿದರೆ ಹೆಜ್ಜೆಯೇ ಮೆತ್ತಗಾಗುತ್ತದೆ.

ಈಗ ಹೇಳುತ್ತೇನೆ ಕೇಳು, ಎಲ್ಲವನ್ನೂ ಬಿಟ್ಟರೂ ಬಿಡಬಾರದ ಜಾಗ. ಕಾನ್ಹೇರಿ.

ಬೊರಿವಲಿ ಸ್ಟೇಶನ್ನಿನಿಂದ ರಿಕ್ಷಾ ಹಿಡಿದರೆ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಬಾಗಿಲು. ಎರಡು ಕೋಟಿ ಜನ ತುಂಬಿದ ಊರಿನ ಹೊಟ್ಟೆಯೊಳಗೆ ಚಿರತೆಗಳಿರುವ ಕಾಡು. ಬಾಗಿಲಿನಿಂದ ಗುಹೆಗಳ ತನಕ ಬಸ್ಸು ಹೋಗುತ್ತದೆ. ಸೋಮವಾರ ಮುಚ್ಚಿರುತ್ತದೆ, ಆದ್ದರಿಂದ ಮಂಗಳವಾರ ಹೋಗೋಣ. ಕಪ್ಪು ಬಸಾಲ್ಟ್ ಗುಡ್ಡವೊಂದನ್ನೇ ಕೊರೆದು ಬೌದ್ಧ ಭಿಕ್ಷುಗಳಿಗೆಂದು ಮಾಡಿದ ನೂರಕ್ಕೂ ಹೆಚ್ಚು ಗುಹೆಗಳು ಅಲ್ಲಿವೆ. ಕ್ರಿಸ್ತನಿಗಿಂತ ಮೊದಲೇ ಕೆಲಸ ಶುರುವಾಗಿ ಸಾವಿರ ವರ್ಷದಷ್ಟು ನಡೆಯಿತು. ಮೂರನೆಯ ಗುಹೆಯ ಚೈತ್ಯದ ಬಾಗಿಲಲ್ಲಿ ಎರಡಾಳಿಗಿಂತ ಎತ್ತರದ ಬುದ್ಧ, ಎಡಕ್ಕೊಬ್ಬ ಬಲಕ್ಕೊಬ್ಬ. ಒಳಗೆ ಕಂಬಗಳ ಸಾಲು, ಕೊನೆಗೆ ಸ್ತೂಪ. ಹೆಚ್ಚಿನವರು ಇಷ್ಟು ನೋಡಿ ಫೋಟೋ ತೆಗೆದು ಇಳಿಯುತ್ತಾರೆ.

ನೀನು ಅಲ್ಲಿಗೇ ನಿಲ್ಲಬೇಡ. ಗುಹೆಯಿಂದ ಗುಹೆಗೆ ಹೋಗುವಾಗ ಬಾಗಿಲ ಪಕ್ಕ ನೆಲದಲ್ಲಿ ನೋಡು. ಹೆಚ್ಚುಕಡಿಮೆ ಪ್ರತಿ ಗುಹೆಗೂ ತನ್ನದೇ ನೀರಿನ ತೊಟ್ಟಿ ಇದೆ. ಬಂಡೆಯ ಮೇಲೆ ಬಿದ್ದ ಮಳೆ ವ್ಯರ್ಥ ಹರಿಯದಂತೆ ಕೊರೆದ ಸಣ್ಣ ಕಾಲುವೆಗಳಿವೆ. ಒಂದು ತೊಟ್ಟಿ ತುಂಬಿದರೆ ಇನ್ನೊಂದಕ್ಕೆ ನೀರು ಇಳಿಯುತ್ತದೆ. ಮಳೆ ಸುರಿಯುವಾಗ ಅಲ್ಲಿದ್ದರೆ ಇಡೀ ಗುಡ್ಡ ಕೆಲಸ ಮಾಡುವುದನ್ನು ಕಣ್ಣಾರೆ ಕಾಣುತ್ತೀಯ. ಮೆಟ್ಟಿಲ ಪಕ್ಕ ನೀರು, ಬಂಡೆಯ ಮೈಮೇಲೆ ನೀರು, ತೊಟ್ಟಿಯೊಳಗೆ ಗುಳುಗುಳು ಸದ್ದು. ನಾಲ್ಕು ತಿಂಗಳ ಮಳೆಯನ್ನು ಹನ್ನೆರಡು ತಿಂಗಳಿಗೆ ಹಂಚಿಕೊಂಡು ಬದುಕಿದವರು ಅವರು. ಗೋಡೆಯ ಬರಹಗಳಲ್ಲಿ ಇಂಥವರು ಗುಹೆ ಕೊರೆಸಿದರು, ಇಂಥವರು ನೀರಿನ ತೊಟ್ಟಿ ಕೊಟ್ಟರು ಎಂದು ದಾನ ಕೊಟ್ಟವರ ಹೆಸರುಗಳಿವೆ. ವ್ಯಾಪಾರಿಗಳು, ಗೃಹಸ್ಥರು, ಹೆಂಗಸರು. ಸೋಪಾರ, ಕಲ್ಯಾಣದಂಥ ಬಂದರು ಪೇಟೆಗಳಿಂದ ಬಂದು ಈ ಕಾಡಿನೊಳಗೆ ಅವರು ಬಾಯಾರಿದವರಿಗೆ ವ್ಯವಸ್ಥೆ ಮಾಡಿ ಹೋದರು. ಮಿಂಟ್ ರಸ್ತೆಯ ಆ ತಂದೆ ಮಾಡಿದ್ದೂ ಇದನ್ನೇ, ಸಾವಿರದ ಏಳುನೂರು ವರ್ಷದ ಆಚೆಗೆ.

ನಿನಗೆಂದೇ ಉಳಿಸಿಕೊಂಡ ಮಾತು ಇನ್ನೊಂದಿದೆ. ಹನ್ನೊಂದನೆಯದು ದರ್ಬಾರ್ ಗುಹೆ, ಉದ್ದಕ್ಕೂ ಕಲ್ಲಿನ ಆಸನಗಳಿರುವ ವಿಶಾಲ ಹಜಾರ. ಕಾನ್ಹೇರಿಯ ಶಾಸನಗಳಲ್ಲಿ ಒಂಬತ್ತನೆಯ ಶತಮಾನದ ಕೆಲವು ಇವೆ, ಕೊಂಕಣವನ್ನು ಆಳುತ್ತಿದ್ದ ಶಿಲಾಹಾರರ ಕಾಲದವು. ಆ ಶಿಲಾಹಾರ ಸಾಮಂತರು ತಮ್ಮ ದೊರೆಯೆಂದು ಹೇಳಿಕೊಂಡದ್ದು ಯಾರನ್ನು ಗೊತ್ತೇ? ಅಮೋಘವರ್ಷನನ್ನು. ನೀನು ಎಷ್ಟು ವರ್ಷ ಹತ್ತನೆಯ ತರಗತಿಯ ಮಕ್ಕಳಿಗೆ ‘ಕವಿರಾಜಮಾರ್ಗ’ದ ಕಾಲ ಹೇಳಿಕೊಟ್ಟೆ, ನೃಪತುಂಗನ ಹೆಸರು ಬೋರ್ಡಿನ ಮೇಲೆ ಬರೆದೆ. ಅದೇ ಮಾನ್ಯಖೇಟದ ನೃಪತುಂಗ. ಈಗಿನ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಕುಳಿತ ಅರಸನ ಹೆಸರು ಬೊರಿವಲಿಯ ಕಾಡಿನ ಬಂಡೆಯ ಮೇಲಿದೆ. ಅವನ ಆಳ್ವಿಕೆಯಲ್ಲಿ ಗೌಡದೇಶದಿಂದ, ಅಂದರೆ ಬಂಗಾಳದ ಕಡೆಯಿಂದ ಬಂದ ಒಬ್ಬ ಭಕ್ತ ಇಲ್ಲಿಯ ಭಿಕ್ಷುಗಳಿಗೆ ಧ್ಯಾನದ ಕೋಣೆಗಳಿಗೂ ಬಟ್ಟೆಗೂ ಹಣ ಕೊಟ್ಟ. ಬಂಗಾಳದವನ ದಾನ, ಕೊಂಕಣದ ಬೆಟ್ಟ, ಕನ್ನಡದ ಅರಸ, ಬುದ್ಧನ ಭಿಕ್ಷುಗಳು. ಮುಂಬಯಿ ಯಾರದ್ದು ಎಂದು ಜಗಳವಾಡುವವರೆಲ್ಲ ಒಮ್ಮೆ ಆ ಹಜಾರದಲ್ಲಿ ಹೋಗಿ ಕೂರಬೇಕು ಎಂದು ನನಗೆ ಅನಿಸುತ್ತದೆ. ನಿನ್ನನ್ನು ಅಲ್ಲಿ ಕೂರಿಸಬೇಕು ಎಂಬುದು ನನ್ನ ಬಹಳ ದಿನದ ಆಸೆ.

ಮೆಟ್ಟಿಲುಗಳಿಗೆ ಹೆದರಬೇಡ. ಮೂರನೆಯ ಗುಹೆಯೂ ಹನ್ನೊಂದನೆಯದೂ ಕೆಳಗಿನ ಭಾಗದಲ್ಲೇ ಇವೆ, ನಿನ್ನ ಮೊಣಕಾಲಿಗೆ ಅಷ್ಟೇನೂ ತ್ರಾಸಾಗದು. ಮೇಲಿನ ಗುಡ್ಡಕ್ಕೆ ಹೋಗಲೇಬೇಕು ಎಂದಿಲ್ಲ. ಬುತ್ತಿ ಕಟ್ಟಿಕೊಂಡು ಹೋಗೋಣ, ಮಂಗಗಳಿವೆ ಎಂಬುದು ಮಾತ್ರ ನೆನಪಿರಲಿ.

ಬಿಡುವು ಉಳಿದರೆ ಬೈಕಲಾದ ಭಾವು ದಾಜಿ ಲಾಡ್ ಮ್ಯೂಸಿಯಂ. 1872ರಲ್ಲಿ ತೆರೆದದ್ದು, ಎರಕದ ಕಂಬಗಳು, ಚಿನ್ನದ ಗೆರೆಯ ಚಾವಣಿ. ಹೊರಗಿನ ತೋಟದಲ್ಲಿ ಒಂದು ಕಲ್ಲಾನೆ ಇದೆ. ಘಾರಾಪುರಿ ದ್ವೀಪದಲ್ಲಿ ನಿಂತಿದ್ದ ಆನೆ ಅದು, ಅದನ್ನು ಕಂಡೇ ಪೋರ್ಚುಗೀಸರು ಆ ದ್ವೀಪಕ್ಕೆ ಎಲಿಫೆಂಟಾ ಎಂದು ಹೆಸರಿಟ್ಟರು. ಇಂಗ್ಲೆಂಡಿಗೆ ಸಾಗಿಸಲು ಹೋಗಿ ಚೂರಾಯಿತು, ಆಮೇಲೆ ಜೋಡಿಸಿ ಇಲ್ಲಿ ನಿಲ್ಲಿಸಿದರು. ಎಲಿಫೆಂಟಾಕ್ಕೆ ಹೋಗುವ ದೋಣಿ ಮಳೆಗಾಲದಲ್ಲಿ ನೆಚ್ಚಿಕೊಳ್ಳುವಂಥದ್ದಲ್ಲ, ಆನೆಯನ್ನಾದರೂ ನೋಡಿರು.

ನಮ್ಮ ಮಾಟುಂಗಾವನ್ನು ನಾನು ಬೇರೆ ತೋರಿಸಬೇಕಾಗಿಲ್ಲ, ಸಂಜೆ ನಡೆಯಲು ಹೊರಟರೆ ತಾನೇ ಕಾಣುತ್ತದೆ. 1896ರ ಪ್ಲೇಗಿನ ಸಾವುಗಳನ್ನು ಕಂಡ ಮೇಲೆ, ಗಾಳಿ ಬೆಳಕು ಇರುವ ಬಡಾವಣೆ ಬೇಕು ಎಂದು 1898ರಲ್ಲಿ ಹುಟ್ಟಿದ ಇಂಪ್ರೂವ್‌ಮೆಂಟ್ ಟ್ರಸ್ಟ್ ದಾದರ್, ಮಾಟುಂಗಾದ ಬೀದಿಗಳನ್ನು ಹಾಕಿತು. ಅದಕ್ಕೇ ಇಲ್ಲಿ ಅಗಲದ ರಸ್ತೆ, ಮರದ ನೆರಳು, ಐದು ತೋಟಗಳು. ಮೈಸೂರು ಅಸೋಸಿಯೇಶನ್ನಿನಲ್ಲಿ ನೀನು ಬಂದಾಗ ಯಾವುದಾದರೂ ಕಾರ್ಯಕ್ರಮ ಇದ್ದರೆ ಹೋಗೋಣ. 1926ರಿಂದ ನಡೆದುಬಂದ ಸಂಸ್ಥೆ ಅದು. ಒಂದು ಮಧ್ಯಾಹ್ನ ಸ್ಟೇಶನ್ನಿನ ಎದುರಿನ ರಾಮಾ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಬಾಳೆಲೆ ಊಟ. 1942ರಲ್ಲಿ ಶುರುವಾದದ್ದು. ಊರು ಬಿಟ್ಟು ಬಂದ ಎಷ್ಟು ತಲೆಮಾರಿನ ಹುಡುಗರು ಅಲ್ಲಿ ಹೊಟ್ಟೆ ತುಂಬಿಸಿಕೊಂಡರು ಎಂಬುದಕ್ಕೆ ಲೆಕ್ಕವಿಲ್ಲ. ಎಲೆ ಹಾಕಿದ ಕೂಡಲೇ ಮೊದಲು ಬರುವುದು ಲೋಟ ನೀರು, ಯಾರೂ ಕೇಳಬೇಕಾಗಿಲ್ಲ.

ಕುಮಟೆಯಿಂದ ಮತ್ಸ್ಯಗಂಧ ರೈಲಿಗೆ ಟಿಕೆಟ್ ಮಾಡಿಸು, ಬೆಳಗಿನ ಜಾವ ಕುರ್ಲಾ ಟರ್ಮಿನಸ್ಸಿನಲ್ಲಿ ನಾನು ನಿಂತಿರುತ್ತೇನೆ. ಕೆಳಗಿನ ಬರ್ತ್ ಸಿಗುವ ಹಾಗೆ ಈಗಲೇ ಬುಕ್ ಮಾಡು, ಶ್ರಾವಣ ಹತ್ತಿರ ಬಂದರೆ ಸಿಗುವುದಿಲ್ಲ. ಲೋಕಲ್ ರೈಲಿನಲ್ಲಿ ನಾವು ಹೆಂಗಸರ ಡಬ್ಬಿಯಲ್ಲೇ ಹೋಗೋಣ, ಹತ್ತು ಗಂಟೆಯ ಮೇಲೆ ಹೊರಟರೆ ಕೂರಲು ಜಾಗ ಸಿಗುತ್ತದೆ. ರಬ್ಬರ್ ಅಡಿಯ ಗಟ್ಟಿ ಚಪ್ಪಲಿ ತಾ, ಹೊಸತು ಬೇಡ, ಕಾಲಿಗೆ ಒಗ್ಗಿದ್ದು. ನನಗಾಗಿ ಹಪ್ಪಳ, ಉಪ್ಪಿನಕಾಯಿ ಹೊತ್ತು ಬರಬೇಡ. ತಂದರೆ ನಮ್ಮ ಆಲೆಮನೆಯ ಬೆಲ್ಲ ಒಂದು ಡಬ್ಬಿ ತಾ. ಮೇಲಿನ ಮಹಡಿಗೆ ಕೊರಿಯರ್ ಹೊತ್ತು ಬರುವ ಹುಡುಗರಿಗೆ ನೀರಿನ ಜೊತೆ ಕೊಡಲು ನನ್ನ ಬಳಿ ಈಗ ಸಕ್ಕರೆ ಮಾತ್ರ ಇದೆ.

ಬಾವನಿಗೆ ನಮಸ್ಕಾರ ತಿಳಿಸು.

ನಿನ್ನ ಪ್ರೀತಿಯ ತಂಗಿ